ಇಳಿವಯಸ್ಸಿನ ಸೊಂಟನೋವು: ಪಾಂಡವಪುರ ಉಪವಿಭಾಗದಲ್ಲಿ ತಡೆ ಮತ್ತು ಆರೈಕೆ

ಕೊನೆಯ ಪಕ್ಕೆಲುಬಿನಿಂದ ಪಿರ್ರೆಯ ಕೆಳ ಮಡಿಕೆಯವರೆಗಿನ ಭಾಗದಲ್ಲಿ ಕಾಣಿಸಿಕೊಳ್ಳುವ ನೋವು ಸೊಂಟನೋವು. ಕೆಲವರಲ್ಲಿ ಅದು ತೊಡೆ, ಮೀನಖಂಡಗಳಿಗೂ ಇಳಿಯುತ್ತದೆ. ಮನುಷ್ಯರನ್ನು ಅಶಕ್ತರಾಗಿಸುವ ತೊಂದರೆಗಳಲ್ಲಿ ಜಗತ್ತಿನಾದ್ಯಂತ ಇದಕ್ಕೇ ಮೊದಲ ಸ್ಥಾನ. 2020ರಲ್ಲಿ ಸುಮಾರು 61.9 ಕೋಟಿ ಜನ ಇದರಿಂದ ಬಳಲುತ್ತಿದ್ದರು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ. ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಅರವತ್ತು ದಾಟಿದವರೂ ಹೊಲ, ಗದ್ದೆ, ಕೊಟ್ಟಿಗೆ ಬಿಟ್ಟಿರುವುದಿಲ್ಲ. ಇಲ್ಲಿ ಸೊಂಟನೋವಿನ ಮಾತು ಆಡುವಾಗ ದುಡಿಮೆಯ ಮಾತನ್ನೂ ಆಡಲೇಬೇಕು.

ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಯಲಿಗೆ ಕೃಷ್ಣರಾಜಸಾಗರದ ನಾಲೆಗಳ ನೀರು, ಕೃಷ್ಣರಾಜಪೇಟೆಯ ಹಲವು ಊರುಗಳಿಗೆ ಹೇಮಾವತಿ ನಾಲೆ. ನೀರಿದ್ದಲ್ಲಿ ಭತ್ತ, ಕಬ್ಬು. ನಾಗಮಂಗಲದ ಹೆಚ್ಚು ಭಾಗ ರಾಗಿ, ಹುರುಳಿ, ತೆಂಗಿನ ಸೀಮೆ. ನೀರಾವರಿ ಗದ್ದೆಯಲ್ಲಿ ಸೊಂಟಕ್ಕೆ ಬೀಳುವ ಭಾರ ನಾಟಿಯ ದಿನ ಕಣ್ಣಿಗೆ ಕಾಣುತ್ತದೆ. ಒಟ್ಲಿನಿಂದ ಕಿತ್ತ ಪೈರಿನ ಕಟ್ಟು ಎಡಗೈಯಲ್ಲಿರುತ್ತದೆ. ಬಲಗೈ ಎರಡು ಮೂರು ಎಳೆ ಬಿಡಿಸಿ ಕೆಸರಿಗೆ ಊರುತ್ತದೆ. ಹೆಂಗಸರು ಸಾಲಾಗಿ ಹಿಂದಹಿಂದಕ್ಕೆ ಸರಿಯುತ್ತಾರೆ. ಮೊಣಕಾಲು ಹೆಚ್ಚು ಮಡಿಯುವುದಿಲ್ಲ, ಸೊಂಟ ಗಂಟೆಗಟ್ಟಲೆ ಬಾಗಿಯೇ ಇರುತ್ತದೆ. ಬದುವಿಗೆ ಬಂದು ನೆಟ್ಟಗಾಗುವಾಗ ಎರಡು ಕೈಯೂ ಸೊಂಟಕ್ಕೆ ಹೋಗುತ್ತವೆ. ಕಬ್ಬು ಕಡಿಯುವವರೂ ಬುಡಕ್ಕೆ ಬಾಗಬೇಕು, ಆಮೇಲೆ ಹೊರೆ ಎತ್ತಬೇಕು. ‘ಸ್ವಂಟ ಹಿಡ್ಕಂಡದೆ’ ಎಂಬ ದೂರು ಇಂಥ ದಿನಗಳ ಸಂಜೆ ಹೆಚ್ಚು.

ಇಷ್ಟು ದುಡಿದ ಮೈಗೆ ಬೇರೆ ವ್ಯಾಯಾಮ ಯಾಕೆ ಎಂದು ಊರವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗದ್ದೆ ಕೆಲಸದಲ್ಲಿ ಒಂದೇ ಭಂಗಿ, ಒಂದೇ ಕಡೆಗೆ ಭಾರ. ದಣಿವಾದಾಗ ನಿಲ್ಲಿಸುವುದು ಕೂಲಿಯವರ ಕೈಯಲ್ಲಿಲ್ಲ. ವ್ಯಾಯಾಮದಲ್ಲಿ ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಬಹುದು, ಪಿರ್ರೆ, ತೊಡೆ, ಹೊಟ್ಟೆಯ ಸ್ನಾಯುಗಳಿಗೆ ಹಂಚಬಹುದು, ನಡುವೆ ಬಿಡುವು ಕೊಡಬಹುದು. ದುಡಿದವರ ಸೊಂಟಕ್ಕೆ ಬೇಕಾಗಿರುವುದು ಈ ಹಂಚಿಕೆ. ಮಲಗಿಸಿಬಿಡುವುದರಿಂದ ಅದು ಸಿಗುವುದಿಲ್ಲ.

ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳಲ್ಲಿ ನೀರಿನಂಶ ಕಡಿಮೆಯಾಗುತ್ತದೆ, ಕೀಲುಗಳ ಅಂಚಿನಲ್ಲಿ ಮೂಳೆ ಬೆಳೆಯುತ್ತದೆ. ಎಕ್ಸ್‌ರೇ ನೋಡಿ ‘ಮೂಳೆ ಸವೆದಿದೆ’ ಎಂದ ಕೂಡಲೇ ಎಷ್ಟೋ ಹಿರಿಯರು ಅದನ್ನು ತೀರ್ಪೆಂದು ತಿಳಿದು ಮೂಲೆ ಹಿಡಿಯುತ್ತಾರೆ. ಈ ಭಯಕ್ಕೆ ಆಧಾರ ಕಡಿಮೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿ ಶೇ 37ರಷ್ಟು, ಎಂಬತ್ತರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡುಬಂದಿತ್ತು. ಸವೆತ ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಅದೇ ಆಗಿರಬೇಕಿಲ್ಲ. ಕೆಲವರಲ್ಲಿ ನರ ಹಾಯುವ ಕಾಲುವೆ ಕಿರಿದಾಗಿ, ಸ್ವಲ್ಪ ದೂರ ನಡೆದರೆ ಕಾಲು ಭಾರವಾಗುತ್ತದೆ, ಮುಂದಕ್ಕೆ ಬಾಗಿದರೆ ಅಥವಾ ಜಗಲಿಯ ಮೇಲೆ ಕುಳಿತರೆ ಸರಿಹೋಗುತ್ತದೆ. ಇದು ಬೇರೆಯೇ ಸ್ಥಿತಿ. ವೈದ್ಯರಿಗೆ ಹೀಗೆಯೇ ವಿವರಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

ಹಿರಿಯ ಹೆಂಗಸರಲ್ಲಿ ಕೈತಪ್ಪಿ ಹೋಗುವುದು ಮೂಳೆಯ ಕುಸಿತ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತಾ ಹೋಗುತ್ತದೆ. ನೀರಿನ ಕೊಡ ಎತ್ತಿದಾಗ, ಬಚ್ಚಲಲ್ಲಿ ಜಾರಿ ಕುಳಿತಾಗ, ಕೆಲವೊಮ್ಮೆ ಜೋರಾಗಿ ಕೆಮ್ಮಿದರೂ ಬೆನ್ನುಮೂಳೆಯ ಒಂದು ಮಣಿ ಅಪ್ಪಚ್ಚಿಯಾಗಬಹುದು. ಇಂಥ ಮುರಿತಗಳಲ್ಲಿ ವೈದ್ಯರ ಗಮನಕ್ಕೆ ಬರುವುದು ಸುಮಾರು ಮೂರರಲ್ಲಿ ಒಂದು. ಉಳಿದವರು ಉಳುಕೆಂದುಕೊಂಡು ಸುಮ್ಮನಾಗುತ್ತಾರೆ. ಎತ್ತರ ಕುಗ್ಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಅನುಮಾನಿಸಬೇಕು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಟೊಳ್ಳು ಮೂಳೆಯವರಿಗೆ ಒದೆಯೂ ಬೇಡ, ಬೆನ್ನ ಮೇಲೆ ಹತ್ತಿ ತುಳಿಸುವುದೂ ಬೇಡ. ಹಗುರಾಗಿ ಎಣ್ಣೆ ತಿಕ್ಕಿ ಬಿಸಿನೀರಿನ ಕಾವು ಕೊಟ್ಟರೆ ಹಾಯೆನಿಸುತ್ತದೆ, ಅಪಾಯವಿಲ್ಲ.

ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಹೋದರೆ ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು; ಬೆಳಗಾಗಲಿ ಎನ್ನಬಾರದು. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದ ಇತಿಹಾಸ ಇದ್ದರೂ ತಡಮಾಡಬಾರದು. ಬೆನ್ನುಮೂಳೆಯ ಕ್ಷಯ ನಮ್ಮಲ್ಲಿ ಇನ್ನೂ ಇದೆ. ಹಸು, ಮೇಕೆ ಸಾಕುವ ಮನೆಗಳಲ್ಲಿ ಬ್ರೂಸೆಲ್ಲಾ ಸೋಂಕನ್ನೂ ನೆನೆಯಬೇಕು: ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ತೆಗೆದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬಿಟ್ಟುಬಿಟ್ಟು ಬರುವ ಜ್ವರದ ಜೊತೆ ಸೊಂಟ ಹಿಡಿಯಬಹುದು.

ಇಂಥ ಲಕ್ಷಣಗಳಿಲ್ಲದ ಬಹುಪಾಲು ನೋವಿಗೆ ಓಡಾಟವೇ ಮೊದಲ ಮದ್ದು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ನಡಿಗೆ ಹೆಚ್ಚಿಸಿ ತಿಳಿವಳಿಕೆ ಪಡೆದವರಿಗೆ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು. ಏನೂ ಮಾಡದವರಿಗೆ 112 ದಿನ. ಅಲ್ಲಿನವರ ಸರಾಸರಿ ವಯಸ್ಸು 54. ನಡಿಗೆಗೆ ದುಡ್ಡು ಬೇಕಿಲ್ಲ, ನಾಲೆ ಏರಿ ಸಾಕು. ಹತ್ತು ನಿಮಿಷದಿಂದ ಶುರುಮಾಡಿ ವಾರದಲ್ಲಿ ಐದು ದಿನ ಅರ್ಧ ಗಂಟೆಗೆ ಏರಿಸಬಹುದು. ಇದರ ಜೊತೆ ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಮೇಲೆತ್ತುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಮೊದಮೊದಲು ಸ್ವಲ್ಪ ನೋವಾದರೆ ಹಾನಿಯಾಯಿತೆಂದು ಹೆದರಬೇಕಿಲ್ಲ. ಮಾರನೆಯ ದಿನಕ್ಕೂ ನೋವು ಏರಿಯೇ ಇದ್ದರೆ ಪ್ರಮಾಣ ಇಳಿಸಬೇಕು.

ಕೆಲಸ ಬಿಡಲಾಗದವರು ಕೆಲಸದ ರೀತಿಯನ್ನಾದರೂ ಬದಲಿಸಬೇಕು. ಹಾಲಿನ ಕ್ಯಾನನ್ನು ಕೈಚಾಚಿ ಎತ್ತದೆ, ಹತ್ತಿರ ಹೋಗಿ, ಮೊಣಕಾಲು ಮಡಿಸಿ, ಮೈಗೆ ತಾಗಿಸಿಕೊಂಡು ಎತ್ತುವುದು. ಪೂರ್ತಿ ಮೂಟೆಯ ಬದಲು ಅರ್ಧರ್ಧ. ಉದ್ದ ಹಿಡಿಯ ಪೊರಕೆ. ನೆಲದ ಒಲೆಯ ಬದಲು ಕಟ್ಟೆ ಒಲೆ. ಅರವತ್ತು ದಾಟಿದವರನ್ನು ನಾಟಿ ಸಾಲಿನಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕುವುದು ಮನೆಯವರ ಕೈಯಲ್ಲಿದೆ. ಊಟದಲ್ಲಿ ಈ ಸೀಮೆ ಬಡವಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಸ್ನಾಯುವಿಗೆ ಬೇಕಾದಷ್ಟು ಪ್ರೋಟೀನ್ ಬರಿ ಮುದ್ದೆ ಮತ್ತು ನೀರುಸಾರಿನಿಂದ ಬರುವುದಿಲ್ಲ. ಹಾಲನ್ನೆಲ್ಲ ಡೈರಿಗೆ ಹಾಕುವ ಮನೆಯಲ್ಲಿ ಒಂದು ಲೋಟವಾದರೂ ಅಜ್ಜಿಯ ಪಾಲಿಗೆ ಉಳಿಯಬೇಕು. ಹುರುಳಿ, ಅವರೆ, ಮೊಟ್ಟೆ ಬಡಿಸಬೇಕು.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ವಯಸ್ಸಾದವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿ ತೊಂದರೆ, ಬಿ.ಪಿ. ಏರಿಕೆಯ ಅಪಾಯ ಹೆಚ್ಚು. ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ಪದೇಪದೇ ಸ್ಟೀರಾಯ್ಡ್ ಕೊಟ್ಟರೆ ಮೂಳೆ ಇನ್ನೂ ಟೊಳ್ಳಾಗುತ್ತದೆ. ಹಾಗಾಗಿ ‘ಸೂಜಿ ಹಾಕಿಸಿಕೊಂಡು’ ಬರುವವರು ಅದು ಯಾವ ಔಷಧಿಯೆಂದು ಕೇಳಿ ತಿಳಿಯಬೇಕು. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿ ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಫೀಮು ವರ್ಗದ ಔಷಧಿಗಳನ್ನು ದಿನನಿತ್ಯದ ಚಿಕಿತ್ಸೆಯಾಗಿ ಬಳಸಬಾರದೆನ್ನುತ್ತದೆ. ತಿಳಿವಳಿಕೆ, ವ್ಯಾಯಾಮ, ಕೆಲವು ಬಗೆಯ ಕೈಚಿಕಿತ್ಸೆ, ಮನೋಚಿಕಿತ್ಸೆಯ ನೆರವನ್ನು ಒಪ್ಪುತ್ತದೆ.

2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಇರಬೇಕೆಂದು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆ ದಾಟಿದ ತೊಂದರೆಗಳಿಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮೈಸೂರಿನ ಆಸ್ಪತ್ರೆಗಳು ಇವೆ. ದೂರದ ಹಳ್ಳಿಯ ಹಿರಿಯರು ಪ್ರತಿ ವಾರ ಬಸ್ ಹತ್ತಿ ಫಿಸಿಯೋಥೆರಪಿಗೆ ಹೋಗಲಾರರು. ಒಂದೆರಡು ಭೇಟಿಯಲ್ಲಿ ವ್ಯಾಯಾಮ ಕಲಿತು, ಜೊತೆಗೆ ಬಂದ ಮಗನೋ ಸೊಸೆಯೋ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡರೆ ಮನೆಯಲ್ಲೇ ಮುಂದುವರಿಸಬಹುದು.