ನೆಲದಡಿಯ ಪೈಪು, ಕಣ್ಣಿಗೆ ಕಾಣದ ಜಾಯಿಂಟು

ಚಳಿಗಾಲದಲ್ಲಿ ಆನ್‌ಸೈಟ್ ಅಂತ ಜರ್ಮನಿಗೋ ಕೊರಿಯಾಕ್ಕೋ ಹೋಗಿ ಬಂದವರು ಒಂದು ಮಾತು ಹೇಳ್ತಾರೆ: ಹೊರಗೆ ಹಿಮ, ಒಳಗೆ ಹೀಟರ್ ಎಲ್ಲೂ ಕಾಣಲ್ಲ, ಆದ್ರೆ ನೆಲ ಬೆಚ್ಚಗಿರುತ್ತೆ. ದೆಹಲಿಯ ಜನವರಿಯಲ್ಲಿ ರೂಮ್ ಹೀಟರಿಗೆ ಅಂಟಿಕೊಂಡು ಕೆಲಸ ಮಾಡುವ ನಮ್ಮವರಿಗೆ ಇದು ಹೊಟ್ಟೆಕಿಚ್ಚಿನ ವಿಷಯವೇ ಸರಿ. ಆ ನೆಲದಡಿಯಲ್ಲಿ ಬಿಸಿನೀರಿನ ಪೈಪು ಸುತ್ತಿಕೊಂಡಿರುತ್ತೆ. ಅದರ ಚರಿತ್ರೆ ಓದುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು: ನೀರು ಕಾಯಿಸುವುದನ್ನು ಜನ ಬೇಗ ಕಲಿತರು. ಪೈಪಿನ ಜಾಯಿಂಟು ಎಲ್ಲಿರಬೇಕು ಅನ್ನೋದನ್ನು ಕಲಿಯಲು ದಶಕಗಳು ಬೇಕಾದವು.

ಮೊದಲು ಕೊರಿಯಾ. ಅಲ್ಲಿನ ಹಳೆಯ ಒಂಡೋಲ್ ಪದ್ಧತಿಯಲ್ಲಿ ಪೈಪೇ ಇರಲಿಲ್ಲ. ಒಲೆಯ ಬಿಸಿ ಹೊಗೆ ಕಲ್ಲುಚಪ್ಪಡಿಗಳ ಕೆಳಗೆ ಹರಿದು ಆಚೆ ಬದಿಯ ಚಿಮಣಿಯಿಂದ ಹೋಗುತ್ತಿತ್ತು. ನೆಲ ಬಿರುಕು ಬಿಟ್ಟರೆ ಸೋರುತ್ತಿದ್ದದ್ದು ನೀರಲ್ಲ, ಹೊಗೆ. ಇಪ್ಪತ್ತನೇ ಶತಮಾನದಲ್ಲಿ ಕಟ್ಟಿಗೆ ಬದಲು ಕಲ್ಲಿದ್ದಲಿನ ಬಿಲ್ಲೆ ಉರಿಸತೊಡಗಿದ ಮೇಲೆ, ಮಲಗಿದಲ್ಲೇ ಕಾರ್ಬನ್ ಮಾನಾಕ್ಸೈಡ್ ಕುಡಿದು ಸತ್ತವರು ಬಹಳ ಮಂದಿ. ಕೊರಿಯಾದ ಮನೆಗಳು ಬಾಯ್ಲರ್ ಮತ್ತು ಬಿಸಿನೀರಿನ ಪೈಪಿಗೆ ಬದಲಾಗಲು ಇದೂ ಒಂದು ದೊಡ್ಡ ಕಾರಣ.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಇಂಥ ನೆಲವನ್ನು ಮೊದಲು ಅನುಭವಿಸಿದ್ದು ಟೋಕಿಯೋದಲ್ಲಿ, ಬ್ಯಾರನ್ ಓಕುರಾ ಅವರ ಮನೆಯ ‘ಕೊರಿಯನ್ ಕೋಣೆ’ಯಲ್ಲಿ. ಆ ಬೆಚ್ಚನೆ ಅವರ ತಲೆಯಲ್ಲಿ ಉಳಿಯಿತು. 1937ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಕರ್ತನಿಗೆ ಸುಮಾರು 5,500 ಡಾಲರಿನಲ್ಲಿ ಮನೆ ಕಟ್ಟಿಕೊಟ್ಟಾಗ, ಕಾಂಕ್ರೀಟ್ ಚಪ್ಪಡಿಯ ಕೆಳಗೆ ಕಬ್ಬಿಣದ ಪೈಪು ಹಾಸಿಸಿದರು. 2019ರಿಂದ ಆ ಮನೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ರೈಟ್ ಒಂದು ಮನೆಗೆ ಮಾಡಿದ್ದನ್ನು ಲೆವಿಟ್ ಕಂಪನಿ ಸಾವಿರಾರು ಮನೆಗೆ ಮಾಡಿತು. 1947ರಿಂದ 1951ರವರೆಗೆ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಕೊಂಡವರಲ್ಲಿ ಹೆಚ್ಚಿನವರು ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು. ನೆಲಮಾಳಿಗೆ ಬೇಡ, ನೆಲದ ಕಾಂಕ್ರೀಟಿನಲ್ಲೇ ತಾಮ್ರದ ಪೈಪು ಹುದುಗಿಸಿದರೆ ಆಯ್ತು: ಕೆಲಸ ಬೇಗ, ಖರ್ಚು ಕಡಿಮೆ.

ಬಿಲ್ ಬಂದದ್ದು ವರ್ಷಗಳ ನಂತರ. ಚಪ್ಪಡಿ ಸ್ವಲ್ಪ ಕುಸಿದರೂ, ಬಿರುಕು ಬಿಟ್ಟರೂ ಒಳಗಿನ ತಾಮ್ರ ಜಗ್ಗುತ್ತೆ. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವ ಪೈಪಿನ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತೆ. ಕೆಲವು ಕಡೆ ತಾಮ್ರವೇ ಸವೆದು ತೂತಾಯಿತು. ಬಾಯ್ಲರಿನ ಒತ್ತಡ ಇಳಿಯಿತು ಅಂದ್ರೆ ಪ್ಲಂಬರ್ ಬರಬೇಕು, ಅಂದಾಜಿನಲ್ಲಿ ನೆಲ ಒಡೆಯಬೇಕು, ಬೆಸುಗೆ ಹಾಕಿ ಮುಚ್ಚಬೇಕು. ಆಮೇಲೆ ಇನ್ನೊಂದು ಕಡೆ ಸೋರಿಕೆ. ಎಷ್ಟೋ ಜನ ರೋಸಿಹೋಗಿ, ನೆಲದ ಪೈಪನ್ನು ಅಲ್ಲೇ ಬಿಟ್ಟು, ಗೋಡೆಯ ಬುಡಕ್ಕೆ ರೇಡಿಯೇಟರ್ ಹಾಕಿಸಿಕೊಂಡರು. ದುಡ್ಡು ಉಳಿಸಿದವನು ಕಟ್ಟಿದವನು, ತೆತ್ತವನು ಮನೆಯವನು.

ಮುಂದಿನ ಹೆಜ್ಜೆ ಯುರೋಪಿನದು. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಥಾಮಸ್ ಎಂಗೆಲ್ ಪಾಲಿಥಿನ್‌ನ ಉದ್ದುದ್ದ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆಯುವ ವಿಧಾನ ಕಂಡುಹಿಡಿದರು. 1972ರಲ್ಲಿ ಸ್ವೀಡನ್ನಿನ ವಿರ್ಸ್‌ಬೋ ಕಂಪನಿ ಆ ಪೈಪಿನ ತಯಾರಿಕೆ ಶುರು ಮಾಡಿತು. ಇದೇ ಪೆಕ್ಸ್. ನನ್ನ ಪ್ರಕಾರ ಇದರ ದೊಡ್ಡ ಗುಣ ಗಟ್ಟಿತನಕ್ಕಿಂತ ಉದ್ದ. ನೂರು ಮೀಟರ್ ಒಂದೇ ಸುರುಳಿಯಲ್ಲಿ ಬರುತ್ತೆ, ಹಾಗಾಗಿ ಒಂದು ಕೋಣೆಯ ಸುತ್ತನ್ನು ಜಾಯಿಂಟೇ ಇಲ್ಲದೆ ಮುಗಿಸಬಹುದು.

ಇದರಲ್ಲೂ ಒಂದು ಬಗ್ ಇತ್ತು. ನೀರು ಹೊರಗೆ ಸೋರಲಿಲ್ಲ, ಆದ್ರೆ ಗಾಳಿಯ ಆಮ್ಲಜನಕ ಪೈಪಿನ ಗೋಡೆಯ ಮೂಲಕ ಒಳಗೆ ಇಳಿಯಿತು. ಬಾಯ್ಲರ್, ಪಂಪುಗಳ ಕಬ್ಬಿಣ ತುಕ್ಕು ಹಿಡಿದು ಪೈಪಿನಲ್ಲಿ ಕೆಸರು ಕಟ್ಟಿತು. ಅದಕ್ಕೇ ಈಗ ಆಮ್ಲಜನಕ ತಡೆಯುವ ತೆಳುವಾದ ಪದರ ಸೇರಿಸ್ತಾರೆ.

ಇವತ್ತಿನ ಪದ್ಧತಿ ಈ ಏಟುಗಳಿಂದ ಬಂದದ್ದು. ಜಾಯಿಂಟುಗಳೆಲ್ಲ ಮ್ಯಾನಿಫೋಲ್ಡ್ ಎಂಬ ಒಂದೇ ಕಡೆ, ಬಾಗಿಲು ತೆರೆದರೆ ಕೈಗೆ ಸಿಗುವ ಹಾಗೆ. ಕಾಂಕ್ರೀಟ್ ಸುರಿಯುವ ಮೊದಲು ಪ್ರೆಶರ್ ಟೆಸ್ಟ್. ಸುರಿಯುವಾಗಲೂ ಗೇಜ್ ಹಾಗೇ ಇರುತ್ತೆ. ಸಲಿಕೆ ತಾಗಿ ಪೈಪು ತೂತಾದರೆ ಮುಳ್ಳು ತಕ್ಷಣ ಇಳಿಯುತ್ತೆ, ಹಸಿ ಇರುವಾಗಲೇ ಸರಿಮಾಡಬಹುದು. ಮುಂದೆ ಯಾರೋ ಡ್ರಿಲ್ ಹೊಡೆದು ತೂತು ಮಾಡಿದರೆ, ಥರ್ಮಲ್ ಕ್ಯಾಮೆರಾದಲ್ಲಿ ಜಾಗ ಹುಡುಕಿ, ಅಷ್ಟೇ ನೆಲ ಒಡೆದು, ಹಾಳಾದ ತುಂಡನ್ನು ನೇರವಾಗಿ ಕತ್ತರಿಸಿ ತೆಗೀತಾರೆ. ಪೈಪಿನ ತುದಿಗೆ ಉಂಗುರ ಹಾಕಿ ಸಾಧನದಿಂದ ಹಿಗ್ಗಿಸಿ, ಕಪ್ಲಿಂಗ್ ತೂರಿಸಿದರೆ ಪೆಕ್ಸ್ ತಾನಾಗೇ ಕುಗ್ಗಿ ಬಿಗಿಯಾಗುತ್ತೆ. ಮತ್ತೆ ಪ್ರೆಶರ್ ಟೆಸ್ಟ್ ಮಾಡಿ, ಕಾಂಕ್ರೀಟ್ ತಾಗದಂತೆ ಸುತ್ತಿ, ನಕ್ಷೆಯಲ್ಲಿ ಗುರುತು ಹಾಕಿ ಮುಚ್ಚುವುದು. ಈ ಗುರುತೇ ಮುಂದಿನವನಿಗೆ ಡಾಕ್ಯುಮೆಂಟೇಶನ್.

ಪುಣೆಯಲ್ಲಿ ನಾನಿರುವ ಬಾಡಿಗೆ ಫ್ಲ್ಯಾಟಿನಲ್ಲಿ ಒಂದು ಸೋರಿಕೆ ಹುಡುಕಲು ಬಾತ್‌ರೂಮಿನ ಅರ್ಧ ಟೈಲ್ಸ್ ಒಡೆದರು, ಯಾಕಂದ್ರೆ ಪೈಪಿನ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ನೀವು ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವವರಾದರೆ, ರಿಪೇರಿ ಮಾಡಿಸುವವರಾದರೆ, ಟೈಲ್ಸ್ ಕೂರಿಸುವ ಮುಂಚೆ ಎರಡು ಕೆಲಸ ಮಾಡಿ: ಪ್ರೆಶರ್ ಟೆಸ್ಟ್ ಕೇಳಿ, ಪೈಪುಗಳ ಫೋಟೋ ತೆಗೆದಿಡಿ. ನಿಮ್ಮ ಜೇಬಿನಲ್ಲಿ ಫೋನಂತೂ ಇದೆ.