ನುಂಗುವ ಮೃಗ (ದಖ್ಖನಿ ಕಲೆ)

ಬಾಯ್ದೆರೆದ ವಿಕಟ ಮೃಗ ಇನ್ನೊಂದು ಜೀವಿಯನ್ನು ಕಬಳಿಸುತ್ತಿರುವ ಚಿತ್ರಣ. ಗೋಲ್ಕೊಂಡ, ಹೈದರಾಬಾದ್, ವಿಜಯಪುರಗಳ 16–17ನೇ ಶತಮಾನದ ಕಲೆಯಲ್ಲಿ ಪ್ರಬಲವಾಗಿ ಕಾಣುವ ಇದರ ಒಂದು ಬೇರು ಕನ್ನಡ ನಾಡಿನ ಗುಡಿಗಳಲ್ಲಿದೆ. 1117ರ ಬೇಲೂರು ಚೆನ್ನಕೇಶವ ಗುಡಿಯ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ತಿನ್ನುವವನೂ ತುತ್ತಾಗುತ್ತಾನೆಂಬ ದಿಗಿಲನ್ನು ಇಷ್ಟು ನೇರವಾಗಿ ಕಡೆದ ಶಿಲ್ಪ ಅಪರೂಪ.

ಸುಲ್ತಾನರ ಕಾಲದಲ್ಲಿ ಈ ಮೃಗಗಳು ಗುಡಿಯಿಂದ ಕೋಟೆಬಾಗಿಲಿಗೆ ಬಂದವು. ಗೋಲ್ಕೊಂಡದ ಬಾಲಾಹಿಸಾರ್ ದರವಾಜೆಯ ಕಮಾನಿನ ಮೇಲೆ ನವಿಲುಗಳ ಜೊತೆ ಯಾಳಿಗಳೆಂಬ ಸಿಂಹದಂಥ ಕಾಲ್ಪನಿಕ ಮೃಗಗಳಿವೆ. ಇವುಗಳಲ್ಲೆಲ್ಲ ಭಯಂಕರವಾದುದು ವಿಜಯಪುರದ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಗುವ ಈ ಕಂಚಿನ ತೋಪಿನ ಬಾಯಿಯೇ ಮೃಗದ ಬಾಯಿ. ಹಲ್ಲುಗಳ ನಡುವೆ ಆನೆಯೊಂದು ನಜ್ಜುಗುಜ್ಜಾಗುತ್ತಿದೆ. ಗುಂಡು ಹಾರುವುದೂ ಅದೇ ಬಾಯಿಂದ. ಆನೆಪಡೆಯನ್ನೇ ನಂಬಿದ ಕಾಲದ ಸೈನಿಕನಿಗೆ ಇದರ ಅರ್ಥ ಯಾರೂ ಹೇಳಬೇಕಿರಲಿಲ್ಲ. 1854ರಲ್ಲಿ ಬ್ರಿಟಿಷ್ ಆಡಳಿತ ಇದನ್ನು ಹಳೆಯ ಲೋಹವೆಂದು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಮಾರಾಟ ರದ್ದಾದ್ದರಿಂದ ಉಳಿಯಿತು.

ಹೈದರಾಬಾದ್ ಹುಟ್ಟಿದ ಹೊತ್ತೂ ಆತಂಕದ್ದೇ. ಗೋಲ್ಕೊಂಡದ ಸುಲ್ತಾನ ಮಹಮ್ಮದ್ ಕುಲಿ ಕುತುಬ್ ಷಾ ಊರು ಕಟ್ಟಿಸಿದ 1591, ಹಿಜರಿ ಲೆಕ್ಕದಲ್ಲಿ ಸಾವಿರ ವರ್ಷ ತುಂಬುವ ಹೊಸ್ತಿಲು. ಲೋಕ ಮುಗಿಯುತ್ತದೆ, ಉದ್ಧಾರಕನಾದ ಮೆಹದಿ ಬರುತ್ತಾನೆ ಎಂಬ ಮಾತು ಆಗ ಹಬ್ಬಿತ್ತು. ಅಕ್ಬರನು ಸಾವಿರ ವರ್ಷಗಳ ಇತಿಹಾಸ 'ತಾರೀಖ್-ಇ-ಅಲ್ಫಿ'ಯನ್ನು ಬರೆಸಲು ತೊಡಗಿದ್ದೂ ಇದೇ ಸಹಸ್ರಮಾನದ ನೆಪದಲ್ಲಿ, 1580ರ ದಶಕದಲ್ಲಿ. ಚಾರ್‌ಮಿನಾರನ್ನು ಕೆಲವರು ಈ ಸಹಸ್ರಮಾನಕ್ಕೆ, ಹಲವರು ಪ್ಲೇಗು ಕಳೆದ ನೆನಪಿಗೆ ಜೋಡಿಸುತ್ತಾರೆ. ಈ ಹಿನ್ನೆಲೆಯಿಲ್ಲದೆ ದಖ್ಖನಿನ ಮೊಹರಂ ಅಲಮುಗಳನ್ನು ನೋಡಿದರೆ ಅವು ಬರಿಯ ಅಲಂಕಾರವೆನಿಸಬಹುದು. ಲೋಹದ ಈ ಲಾಂಛನಗಳಲ್ಲಿ ಹಲವಕ್ಕೆ ಅಂಚಿನಲ್ಲಿ ಬಾಯ್ದೆರೆದ ಘಟಸರ್ಪಗಳ ತಲೆಗಳಿವೆ; ನಡುವೆ ಪವಿತ್ರ ನಾಮಗಳು. ಹೆದರಿಸುವ ಮೃಗವನ್ನೇ ಕಾವಲಿಗೆ ನಿಲ್ಲಿಸಿದ್ದು ಈ ಕಲೆಯ ದೊಡ್ಡ ಸಾಧನೆ. ಅಲಮುಗಳಿಗಾಗಿಯೇ 1590ರ ದಶಕದಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ಬಾದಶಾಹಿ ಅಶೂರಖಾನಾದ ಬಣ್ಣದ ಹೆಂಚುಗಳ ಗೋಡೆಗಳಲ್ಲೂ ಅಲಮುಗಳ ಆಕೃತಿ ಕಾಣುತ್ತದೆ. 1908ರ ಮೂಸಿ ನದಿಯ ಪ್ರವಾಹ ಒಳನುಗ್ಗಿ ಕೆಳಗಿನ ಹೆಂಚುಗಳನ್ನು ಹಾಳುಮಾಡಿತು.

ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಮೊಹರಂನಲ್ಲಿ ಎಲ್ಲ ಜಾತಿಯವರೂ ಇಂಥ ಅಲಮುಗಳನ್ನು ಅಲಾಯಿ ದೇವರೆಂದು ಹೊತ್ತು ನಡೆಯುತ್ತಾರೆ.