ಮೆಕ್ಕೆಜೋಳದಲ್ಲಿ ತಾಳೆಯಾದ ಲೆಕ್ಕ

ನಾನು ಬಿ.ಕಾಂ. ಓದಿದವನು, ಜೀವಶಾಸ್ತ್ರ ಹೈಸ್ಕೂಲಿಗೇ ಮುಗಿಯಿತು. ಆದರೆ ಮಗಳ ಪುಸ್ತಕವನ್ನು ಡೊಂಬಿವಲಿ ಲೋಕಲ್‌ನಲ್ಲಿ ತಿರುವಿ ಹಾಕುವಾಗ ಸಿಕ್ಕ 'ಕ್ರಾಸಿಂಗ್ ಓವರ್' ಕಥೆ ನನ್ನನ್ನು ಬಿಡಲಿಲ್ಲ. ಥೇಟ್ ನಮ್ಮ ಬ್ಯಾಂಕಿನ ಕಥೆಯೇ ಅನ್ನಿ!

ನಮ್ಮ ವರ್ಣತಂತುಗಳು ಜೋಡಿ ಜೋಡಿ. ಒಂದು ಅಪ್ಪನದು, ಒಂದು ಅಮ್ಮನದು. ವೀರ್ಯಾಣು, ಅಂಡಾಣು ತಯಾರಾಗುವ ಮಿಯಾಸಿಸ್‌ನಲ್ಲಿ ಈ ಜೋಡಿಗಳು ಪಕ್ಕಪಕ್ಕ ಬಂದು, ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಡಹುಟ್ಟಿದವರು ಒಂದೇ ಅಚ್ಚಿನಂತೆ ಇರದಿರಲು ಇದೂ ಒಂದು ಕಾರಣ.

1909ರಲ್ಲಿ ಬೆಲ್ಜಿಯಂನ ಪಾದ್ರಿ ಯಾನ್ಸೆನ್ಸ್ ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳು ಕತ್ತರಿಯಂತೆ ಅಡ್ಡಹಾಯ್ದಿದ್ದನ್ನು ನೋಡಿ ಹೀಗಿರಬಹುದೆಂದು ಊಹಿಸಿದರು. 1911ರಲ್ಲಿ ಅಮೆರಿಕದ ಮಾರ್ಗನ್, ಹಣ್ಣಿನ ನೊಣಗಳಲ್ಲಿ ಜೊತೆಯಾಗಿ ಬರಬೇಕಾದ ಗುಣಗಳು ಕೆಲವೊಮ್ಮೆ ಬೇರೆಯಾಗುವುದಕ್ಕೆ ಇದೇ ಕಾರಣವೆಂದರು. ಹತ್ತಿರದ ಜೀನ್‌ಗಳು ಬೇರೆಯಾಗುವುದು ಕಡಿಮೆ, ದೂರದವು ಹೆಚ್ಚು. ಈ ಲೆಕ್ಕ ಹಿಡಿದು ಅವರ ಶಿಷ್ಯ ಸ್ಟರ್ಟೆವಂಟ್, ಕಾಲೇಜಿನ ಹೋಂವರ್ಕ್ ಬಿಟ್ಟು ರಾತ್ರಿ ಕೂತು ಮೊದಲ ಜೀನ್ ನಕ್ಷೆ ಬರೆದ. ಅದು 1913ರಲ್ಲಿ ಅಚ್ಚಾಯಿತು.

ಇದೆಲ್ಲ ಕಾಗದದ ಲೆಕ್ಕ. ತುಂಡು ಬದಲಾದದ್ದನ್ನು ಕಂಡವರು ಯಾರು? ನಿಮ್ಮ ನೂರರ ನೋಟಿಗೂ ನನ್ನದಕ್ಕೂ ಅದಲುಬದಲಾದರೆ, ನಂಬರು ಬರೆದಿಟ್ಟುಕೊಳ್ಳದೆ ಗೊತ್ತಾಗುತ್ತದೆಯೇ?

ಆ ನಂಬರು ಸಿಕ್ಕಿದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಬರಾ ಮೆಕ್ಲಿಂಟಾಕ್‌ಗೆ. ಮೆಕ್ಕೆಜೋಳದ ಒಂಬತ್ತನೇ ವರ್ಣತಂತುವಿನ ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿಗೆ ಬೇರೆ ವರ್ಣತಂತುವಿನ ತುಂಡು. ನಡುವೆ ಕಾಳಿನ ಬಣ್ಣದ ಮತ್ತು ಪಿಷ್ಟದ ಜೀನ್‌ಗಳು. ವಿದ್ಯಾರ್ಥಿನಿ ಹ್ಯಾರಿಯೆಟ್ ಕ್ರೈಟನ್ ಜೊತೆ ಸೇರಿ ತಳಿ ಬೆಳೆಸಿ ನೋಡಿದರೆ, ಗುಣಗಳು ಅದಲುಬದಲಾದ ಕಡೆ ಗುರುತುಗಳೂ ಅದಲುಬದಲಾಗಿದ್ದವು. ಎರಡೂ ಪುಸ್ತಕ ತಾಳೆಯಾಯಿತು!

ಇನ್ನೊಂದು ಬೆಳೆ ನೋಡೋಣ ಎಂದುಕೊಂಡಿದ್ದವರನ್ನು, ಈಗಲೇ ಪ್ರಕಟಿಸಿ ಎಂದು ಒತ್ತಾಯಿಸಿದವರು ಮಾರ್ಗನ್. 1931ರ ಆಗಸ್ಟ್‌ನಲ್ಲಿ ಲೇಖನ ಬಂತು. ಕೆಲವೇ ವಾರಗಳಲ್ಲಿ ಜರ್ಮನಿಯ ಕರ್ಟ್ ಸ್ಟರ್ನ್ ನೊಣಗಳಲ್ಲಿ ಅದನ್ನೇ ತೋರಿಸಿದರು. ಜೋಳಕ್ಕೆ ಅಲ್ಲಿ ವರ್ಷಕ್ಕೊಂದೇ ಬೆಳೆ. ನೊಣಕ್ಕೆ ಹತ್ತು-ಹನ್ನೆರಡು ದಿನಕ್ಕೊಂದು ತಲೆಮಾರು. ಆ ಒಂದು ಬೆಳೆಗೆ ಕಾದಿದ್ದರೆ ಮೊದಲಿಗರೆಂಬ ಹೆಸರು ಹೋಗುತ್ತಿತ್ತು. ಆಗ ಕ್ರೈಟನ್‌ಗೆ 22 ವರ್ಷ, ಮೆಕ್ಲಿಂಟಾಕ್‌ಗೆ 29.

ಇನ್ನೊಂದು ಸಲ ನೋಡಿ ಕಳಿಸೋಣ ಅಂತ ನಾನು ಮೇಜಿನ ಮೇಲೇ ಇಟ್ಟುಕೊಂಡ ಫೈಲುಗಳು ನೆನಪಾದವು. ನಿಮಗೂ ಇಂಥದ್ದೊಂದು ಇರಬೇಕಲ್ಲವೇ?